ಟೊಳ್ಳು ಹಲಗೆಯ ಗಟ್ಟಿ ಪಾಠ

ಸರ್ಫಿಂಗ್ ಅಂದ ಕೂಡಲೇ ಬೆಂಗಳೂರಿನವರಾದ ನಮಗೆ ಹವಾಯಿ, ಆಸ್ಟ್ರೇಲಿಯಾ ನೆನಪಾಗುತ್ತವೆ. ಆದರೆ ಈ ಆಟ ನಮ್ಮ ಕರಾವಳಿಗೆ ಬಂದು ಇಪ್ಪತ್ತು ವರ್ಷ ದಾಟಿತು. ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಅಮೆರಿಕ ಮೂಲದ ಜ್ಯಾಕ್ ಹೆಬ್ನರ್ ಅವರು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ 2004ರಲ್ಲಿ ಆಶ್ರಮ ಮಾಡಿಕೊಂಡು, ಜಪ-ಧ್ಯಾನದ ಜೊತೆಗೇ ಅಲೆ ಏರುವುದನ್ನೂ ಕಲಿಸತೊಡಗಿದರು. ಅದೇ ಇವತ್ತಿನ ಮಂತ್ರ ಸರ್ಫ್ ಕ್ಲಬ್. ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆಯಿತು. ಟೋಕಿಯೊದಿಂದ ಸರ್ಫಿಂಗ್ ಒಲಿಂಪಿಕ್ಸ್ ಕ್ರೀಡೆಯೂ ಆಯಿತು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್‌ನಲ್ಲಿ ರಮೇಶ್ ಬುದಿಹಾಳ್ ಕಂಚು ಗೆದ್ದಾಗ ಪತ್ರಿಕೆಗಳಲ್ಲಿ ಫೋಟೊ ಬಂತು.

ಆ ಫೋಟೊಗಳಲ್ಲಿ ನಾವು ಆಟಗಾರನನ್ನು ನೋಡುತ್ತೇವೆ, ಅಲೆಯನ್ನು ನೋಡುತ್ತೇವೆ. ಕಾಲಡಿಯ ಹಲಗೆಯ ಬಗ್ಗೆ ಯೋಚಿಸುವುದಿಲ್ಲ. ನಾನೂ ಯೋಚಿಸಿರಲಿಲ್ಲ. ಯೋಚಿಸುವಂತೆ ಮಾಡಿದ್ದು ಮೂಲ್ಕಿ ಸಮೀಪದ ಹಳೆಯಂಗಡಿಯಲ್ಲಿರುವ ನನ್ನ ದೊಡ್ಡಮ್ಮನ ಮಗ. ಅಣ್ಣನಿಗೆ ಅಲೆ ಏರುವುದು ಚೆನ್ನಾಗಿ ಬರುತ್ತದೆ, ಆದರೆ ಸ್ವಂತ ಬೋರ್ಡ್ ಇಲ್ಲ. ಪ್ರವಾಸಿಗರು ಬಾಡಿಗೆಗೆ ತೆಗೆದುಕೊಳ್ಳದ ದಿನ, ಯಾರಾದರೂ ಕೊಟ್ಟರೆ ಕಡಲಿಗೆ ಇಳಿಯುತ್ತಾನೆ. ಹೊಸದು ಕೊಳ್ಳಲು ಅವನ ಎರಡು ತಿಂಗಳ ಸಂಬಳ ಸಾಲದು. ಕಳೆದ ದಸರಾ ರಜೆಯಲ್ಲಿ ಅವನು ಕೇಳಿದ: “ನೀನು ಎಂಜಿನಿಯರಿಂಗ್ ಓದುವುದಲ್ವಾ, ಮರದಲ್ಲಿ ಒಂದು ಮಾಡ್ಲಿಕ್ಕೆ ಆಗುದಿಲ್ವಾ?”

ನಾನು ಮೆಕ್ಯಾನಿಕಲ್ ಬಿಇ ಮೂರನೇ ವರ್ಷ. ಮನೆ ಯಡಿಯೂರಿನಲ್ಲಿ. ಇಲ್ಲಿಂದ ಕಡಲಿಗೆ ಮುನ್ನೂರೈವತ್ತು ಕಿಲೋಮೀಟರ್. ನಮ್ಮ ಹತ್ತಿರದ ದೊಡ್ಡ ನೀರೆಂದರೆ ಯಡಿಯೂರು ಕೆರೆ, ಅಲ್ಲಿ ಬೆಳಿಗ್ಗೆ ವಾಕಿಂಗ್ ಬರುವವರೇ ದೊಡ್ಡ ಅಲೆ. ಆದರೂ ಅಣ್ಣನ ಪ್ರಶ್ನೆ ಮನಸ್ಸಿನಿಂದ ಹೋಗಲಿಲ್ಲ. ಐದು ಸೆಮಿಸ್ಟರ್ ಪಾಸಾದ ಮೇಲೆ, ಒಬ್ಬ ಮನುಷ್ಯ ನಂಬಿ ಮೇಲೆ ನಿಲ್ಲಬಹುದಾದ ಒಂದು ವಸ್ತು ಮಾಡಲು ನನಗೆ ಬರುತ್ತದೆಯೇ?

ಮರ ಇರಲಿ, ಒಳಗೆ ಗಾಳಿ ಇರಲಿ

ಹವಾಯಿಯ ಹಳೆಯ ಬೋರ್ಡ್‌ಗಳು ಇಡೀ ಮರದ ದಿಮ್ಮಿಯಿಂದ ಕೆತ್ತಿದವು. ಮುಖಂಡರಷ್ಟೇ ಬಳಸುತ್ತಿದ್ದ ‘ಓಲೊ’ ಎಂಬ ಉದ್ದನೆಯ ಹಲಗೆಗಳನ್ನು ಎತ್ತಲು ಒಬ್ಬರಿಂದ ಆಗುತ್ತಿರಲಿಲ್ಲ. ಅಂಥವು ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಉಳಿದಿದ್ದವು. 1926ರಲ್ಲಿ ಟಾಮ್ ಬ್ಲೇಕ್ ಎಂಬ ಅಮೆರಿಕದ ಈಜುಗಾರ ಅದರ ನಕಲು ಮಾಡಲು ಹೊರಟ. ಭಾರ ಕಡಿಮೆ ಮಾಡುವುದಕ್ಕಾಗಿ ದಿಮ್ಮಿಯ ತುಂಬಾ ನೂರಾರು ತೂತು ಕೊರೆದ, ಮರ ಒಣಗಲು ಬಿಟ್ಟ, ಮೇಲೆ ಕೆಳಗೆ ತೆಳು ಹಲಗೆ ಅಂಟಿಸಿ ತೂತುಗಳನ್ನು ಮುಚ್ಚಿದ. ಹಲಗೆಯೊಳಗೆ ಗಾಳಿ ಸೇರಿತು, ತೂಕ ಇಳಿಯಿತು. 1928ರಲ್ಲಿ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಕೋಸ್ಟ್ ಸ್ಪರ್ಧೆಯನ್ನು ಬ್ಲೇಕ್ ಗೆದ್ದ. ‘ವಾಟರ್ ಸ್ಲೆಡ್’ ಎಂಬ ಹೆಸರಿನಲ್ಲಿ 1932ರಲ್ಲಿ ಅವನ ಟೊಳ್ಳು ಬೋರ್ಡಿಗೆ ಪೇಟೆಂಟ್ ಸಿಕ್ಕಿತು.

ಅಷ್ಟರಲ್ಲಿ ತೂತು ಕೊರೆಯುವ ವಿಧಾನ ಹೋಗಿ, ವಿಮಾನದ ರೆಕ್ಕೆಯಂಥ ರಚನೆ ಬಂದಿತ್ತು. ಉದ್ದಕ್ಕೆ ಒಂದು ಬೆನ್ನೆಲುಬು, ಅಡ್ಡಕ್ಕೆ ಪಕ್ಕೆಲುಬುಗಳು, ಮೇಲೆ ತೆಳು ಹೊದಿಕೆ. ಹಳೆ ವಿಮಾನ ನಿಲ್ದಾಣ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಸ್ಕೂಲ್ ಟೂರ್ ಹೋದವರೆಲ್ಲ ವಿಮಾನದ ರೆಕ್ಕೆ ನೋಡಿರುತ್ತೀರಿ. ನೋಡಲು ಗಟ್ಟಿ ಹಲಗೆಯಂತೆ ಕಾಣುತ್ತದೆ, ಒಳಗೆ ಇರುವುದು ಹೀಗೆಯೇ ಒಂದು ಅಸ್ಥಿಪಂಜರ.

1950ರ ದಶಕದ ಕೊನೆಗೆ ಪಾಲಿಯುರೆಥೇನ್ ಫೋಮ್ ಬಂದು ಮರದ ಬೋರ್ಡ್‌ಗಳನ್ನು ಮೂಲೆಗೆ ತಳ್ಳಿತು. ಫೋಮ್ ಹಗುರ, ಬೇಕಾದ ಆಕಾರಕ್ಕೆ ಬೇಗ ಉಜ್ಜಬಹುದು. ಆದರೆ 2005ರ ಡಿಸೆಂಬರ್‌ನಲ್ಲಿ, ಅಮೆರಿಕದ ಬಹುಪಾಲು ಬೋರ್ಡ್‌ಗಳಿಗೆ ಫೋಮ್ ಒದಗಿಸುತ್ತಿದ್ದ ಕ್ಲಾರ್ಕ್ ಫೋಮ್ ಕಂಪನಿ ದಿಢೀರನೆ ಬಾಗಿಲು ಹಾಕಿತು. ಬೋರ್ಡ್ ಮಾಡುವವರು ಬೇರೆ ದಾರಿ ಹುಡುಕಬೇಕಾಯಿತು. ಆಗ ಟೊಳ್ಳು ಮರದ ಹಲಗೆಯತ್ತಲೂ ಮತ್ತೆ ಜನರ ಕಣ್ಣು ಬಿತ್ತು. ಫೋಮ್ ಬ್ಲಾಕ್ ಸುಲಭವಾಗಿ ಸಿಗದ, ಪ್ಲೈವುಡ್ ಬೀದಿಗೊಂದು ಅಂಗಡಿಯಲ್ಲಿ ಸಿಗುವ ನಮ್ಮಂಥ ಊರಿಗೆ ಇದೇ ಸರಿಯಾದ ವಿಧಾನ ಅನ್ನಿಸಿತು.

ಗರಗಸಕ್ಕಿಂತ ಮೊದಲು ಕ್ಯಾಲ್ಕುಲೇಟರ್

ಅಣ್ಣನ ಊರಿನ ಅಲೆಗೆ ಉದ್ದನೆಯ ಬೋರ್ಡ್ ಒಳ್ಳೆಯದು. ಒಂಬತ್ತು ಅಡಿ ಉದ್ದ, 22 ಇಂಚು ಅಗಲ, ನಡುವೆ ಎಂಟು ಸೆಂಟಿಮೀಟರ್ ದಪ್ಪ ಎಂದು ಇಬ್ಬರೂ ಫೋನಿನಲ್ಲೇ ತೀರ್ಮಾನಿಸಿದೆವು. ತುದಿಗಳತ್ತ ಅಗಲವೂ ದಪ್ಪವೂ ಕಡಿಮೆಯಾಗುತ್ತ ಹೋಗುವುದರಿಂದ ಒಟ್ಟು ಗಾತ್ರ ಸುಮಾರು 75 ಲೀಟರ್ ಬರುತ್ತದೆ.

ಈಗ ಆರ್ಕಿಮಿಡೀಸ್. 75 ಲೀಟರ್ ವಸ್ತು ಪೂರ್ತಿ ಮುಳುಗಿದರೆ 75 ಕಿಲೋ ಸಿಹಿನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಉಪ್ಪುನೀರಾದರೆ ಸುಮಾರು 77 ಕಿಲೋ. ಅಣ್ಣನ ತೂಕ 60. ಅಂದರೆ ಅವನು ಸುಮ್ಮನೆ ಕೂತಾಗಲೂ ಹಲಗೆ ತೇಲಬೇಕಾದರೆ ಅದರ ತೂಕ 15 ಕಿಲೋ ದಾಟಬಾರದು. ಇದೇ ಹಲಗೆಯನ್ನು ಇಡೀ ಸಿಲ್ವರ್ ಓಕ್ ಮರದಲ್ಲಿ ಕೆತ್ತಿದರೆ ನಲವತ್ತು ಕಿಲೋಗೂ ಹೆಚ್ಚು! ಟೊಳ್ಳು ಯಾಕೆ ಬೇಕು ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ಮುಂದಿನ ಪ್ರಶ್ನೆ, ನಾಲ್ಕು ಮಿಲಿಮೀಟರ್ ಪ್ಲೈವುಡ್ ಮೇಲೆ ಮನುಷ್ಯ ನಿಂತರೆ ಮುರಿಯುವುದಿಲ್ಲವೇ? ಇಲ್ಲಿ ನಮ್ಮ ಮೂರನೇ ಸೆಮಿಸ್ಟರಿನ ‘ಮೊಮೆಂಟ್ ಆಫ್ ಇನರ್ಷಿಯಾ’ ಕೆಲಸಕ್ಕೆ ಬಂತು. ಎರಡು ನಾಲ್ಕು ಮಿ.ಮೀ. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಎಂಟು ಮಿ.ಮೀ. ಹಲಗೆ ಮಾಡಿದರೆ ಅದು ಸುಲಭವಾಗಿ ಬಾಗುತ್ತದೆ. ಅದೇ ಎರಡು ಹಾಳೆಗಳನ್ನು ಎಂಟು ಸೆಂಟಿಮೀಟರ್ ದೂರಕ್ಕೆ ಸರಿಸಿ, ನಡುವೆ ಜಾರದಂತೆ ಪಕ್ಕೆಲುಬುಗಳಿಂದ ಕಟ್ಟಿದರೆ ಬಾಗುವಿಕೆಗೆ ಪ್ರತಿರೋಧ ಲೆಕ್ಕದಲ್ಲಿ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಮರ ಅಷ್ಟೇ, ದುಡ್ಡೂ ಅಷ್ಟೇ. ಬದಲಾದದ್ದು ನಡುವಿನ ದೂರ ಮಾತ್ರ. ಪರೀಕ್ಷೆಗೆ ಈ ಸೂತ್ರವನ್ನು ಹತ್ತು ಸಲ ಬರೆದಿದ್ದೆ. ಅದು ಒಂದು ವಸ್ತುವಿನ ಆಕಾರವನ್ನೇ ತೀರ್ಮಾನಿಸುತ್ತದೆ ಎಂದು ಅನುಭವಕ್ಕೆ ಬಂದದ್ದು ಆ ರಾತ್ರಿ.

ಕಾಲೇಜಿನ ಲ್ಯಾಬ್‌ನಲ್ಲಿ ಕಲಿತ ಸಾಫ್ಟ್‌ವೇರ್‌ನಲ್ಲೇ ಚಿತ್ರ ಬರೆದೆ. ಆರು ಮಿ.ಮೀ. ಪ್ಲೈನ ಒಂದು ಬೆನ್ನೆಲುಬು, 25 ಸೆಂಟಿಮೀಟರಿಗೆ ಒಂದರಂತೆ ಹತ್ತು ಪಕ್ಕೆಲುಬು. ಮೂತಿ ಹತ್ತು ಸೆಂಟಿಮೀಟರ್ ಮೇಲಕ್ಕೆ ಬಾಗಿರಬೇಕು, ಇಲ್ಲದಿದ್ದರೆ ಅಲೆ ಇಳಿಯುವಾಗ ನೀರಿಗೆ ಕುತ್ತುತ್ತದೆ. ಪಕ್ಕೆಲುಬುಗಳಲ್ಲಿ ದೊಡ್ಡ ತೂತುಗಳು, ತೂಕ ಇಳಿಸುವುದಕ್ಕೂ, ಇನ್ನೊಂದು ಮುಖ್ಯ ಕಾರಣಕ್ಕೂ. ಆ ಕಾರಣವನ್ನು ಆಮೇಲೆ ಹೇಳುತ್ತೇನೆ. ಎ0 ಗಾತ್ರದ ಪ್ರಿಂಟ್ ತೆಗೆಸಿ ನೆಲಕ್ಕೆ ಹಾಸಿದಾಗ ನಮ್ಮ ಹಾಲ್ ಪೂರ್ತಿ ತುಂಬಿತು. ಅಪ್ಪ ಅದನ್ನು ದಾಟಿಕೊಂಡೇ ಟಿವಿ ನೋಡಿದರು.

ಪಾತ್ರೆಯಲ್ಲಿ ಬೆಂದ ಪ್ಲೈವುಡ್

ಪ್ಲೈವುಡ್ ಅಂದರೆ ತೆಳು ಮರದ ಪದರಗಳನ್ನು ಒಂದಕ್ಕೊಂದು ಅಡ್ಡಲಾಗಿ ಅಂಟಿಸಿದ ಹಾಳೆ. ಮರ ಒಳ್ಳೆಯದಿದ್ದರೂ ಒಳಗಿನ ಅಂಟು ನೀರಿಗೆ ನಿಲ್ಲದಿದ್ದರೆ ಪದರಗಳು ಬಿಚ್ಚಿಕೊಳ್ಳುತ್ತವೆ. ಕಡಲಿಗೆ ಬೇಕಾದದ್ದು ಭಾರತೀಯ ಮಾನಕದ ಐಎಸ್ 710 ದರ್ಜೆಯ ಮರೈನ್ ಪ್ಲೈ. ಈ ದರ್ಜೆ ಸಿಗಬೇಕಾದರೆ ಮಾದರಿ ತುಂಡನ್ನು 72 ಗಂಟೆ ನೀರಿನಲ್ಲಿ ಕುದಿಸಿದರೂ ಅಂಟು ಬಿಡಬಾರದು. ಅಡುಗೆಮನೆ ಕಪಾಟಿಗೆ ಬಳಸುವ ಪ್ಲೈ ಸಾಮಾನ್ಯವಾಗಿ ಐಎಸ್ 303, ಅದು ಬೇರೆ.

ಮುದ್ರೆ ನೋಡಿ ನಂಬುವುದಕ್ಕಿಂತ ನಾನೇ ಒಂದು ಪರೀಕ್ಷೆ ಮಾಡೋಣ ಎಂದುಕೊಂಡೆ. ಮೂರು ಅಂಗಡಿಗಳಿಂದ ಅಂಗೈ ಅಗಲದ ತುಂಡುಗಳನ್ನು ಕೇಳಿ ತಂದು ಎರಡು ಭಾನುವಾರ ಒಟ್ಟು ಎಂಟು ಗಂಟೆ ಕುದಿಸಿದೆ. ಒಂದು ತುಂಡು ಪುಸ್ತಕದ ಹಾಳೆಯಂತೆ ತೆರೆದುಕೊಂಡಿತು. ಇನ್ನೆರಡು ಗಟ್ಟಿಯಾಗಿ ಉಳಿದವು. “ಇನ್ನು ಆ ಪಾತ್ರೆ ನಂಗೆ ಬೇಡ, ನೀನೇ ಇಟ್ಕೋ” ಎಂದರು ಅಮ್ಮ. ಮುಂದೆ ಅಂಟು ಕಲಸುವುದಕ್ಕೆ ಅದೇ ಪಾತ್ರೆ ಆಯಿತು.

ಅಂಚುಗಳಿಗೆ ಮಾತ್ರ ಪ್ಲೈ ಆಗುವುದಿಲ್ಲ. ಅಲ್ಲಿ ಗುಂಡಗೆ ಉಜ್ಜಬೇಕು, ಗಟ್ಟಿ ಮರ ಬೇಕು. ಮಲ್ಲೇಶ್ವರದ 18ನೇ ಕ್ರಾಸ್‌ನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ನಮ್ಮ ನಾಡಿನ ಮರಗಳ ಗುಣ, ಸಾಂದ್ರತೆ, ಬಳಕೆಯ ಬಗ್ಗೆ ದಶಕಗಳಿಂದ ಅಲ್ಲಿ ಕೆಲಸ ನಡೆದಿದೆ. ಬೆಂಗಳೂರಿನಲ್ಲಿ ಓದುವ ಎಷ್ಟು ಮಂದಿಗೆ ಅದು ಗೊತ್ತೋ! ಹಗುರ ಮರ ಬೇಕೆಂದರೆ ನಮ್ಮ ರೈತರು ಈಗ ಬೆಳೆಯುತ್ತಿರುವ ಹೆಬ್ಬೇವು ಇದೆ. ಕಾಫಿ ತೋಟಗಳಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ನಲ್ಲಿ ಗಂಟಿಲ್ಲದ ಉದ್ದ ಪಟ್ಟಿಗಳು ಸಿಕ್ಕಿದ್ದು ಸಿಲ್ವರ್ ಓಕ್‌ನಲ್ಲಿ. ಅದನ್ನೇ ತಂದೆ.

ಆಚಾರ್ರ ಕ್ಲಾಸು

ನಮ್ಮ ಹಿಂದಿನ ಬೀದಿಯಲ್ಲಿ ಬಾಗಿಲು, ಕಿಟಕಿ ಮಾಡುವ ಆಚಾರ್ರೊಬ್ಬರಿದ್ದಾರೆ. ನಾನು ಚಿತ್ರ ತೋರಿಸಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಶೀಟು ಎಂಟಡಿ, ನಿನ್ನ ಹಲಗೆ ಒಂಬತ್ತಡಿ. ಹೆಂಗ್ ಸೇರಿಸ್ತೀಯಮ್ಮಾ?” ತುದಿಗೆ ತುದಿ ಇಟ್ಟು ಅಂಟಿಸಿದರೆ ಅಲ್ಲೇ ಮುರಿಯುತ್ತದೆ. ಎರಡೂ ತುದಿಗಳನ್ನು ಓರೆಯಾಗಿ ಇಳಿಜಾರು ಮಾಡಿ ಒಂದರ ಮೇಲೊಂದು ಕೂರಿಸಬೇಕು. ದಪ್ಪದ ಎಂಟು ಪಟ್ಟು ಇಳಿಜಾರು, ಅಂದರೆ ನಾಲ್ಕು ಮಿ.ಮೀ. ಪ್ಲೈಗೆ 32 ಮಿ.ಮೀ. ಹಾಗೆ ಮಾಡಿದರೆ ಅಂಟು ಹಿಡಿಯುವ ಜಾಗ ದೊಡ್ಡದಾಗುತ್ತದೆ, ಬಲ ಒಂದೇ ಗೆರೆಯಲ್ಲಿ ಬೀಳುವುದಿಲ್ಲ.

ಪ್ಲೈನ ಪದರಗಳೇ ಇಳಿಜಾರು ಸಮವಾಗಿದೆಯೇ ಎಂದು ತೋರಿಸಿಕೊಡುತ್ತವೆ. ತೋಪಡ ಹೊಡೆಯುತ್ತ ಹೋದಂತೆ ಪದರಗಳು ಬಣ್ಣಬಣ್ಣದ ಪಟ್ಟೆಗಳಾಗಿ ಕಾಣುತ್ತವೆ. ಪಟ್ಟೆಗಳು ನೇರವಾಗಿ, ಒಂದೇ ಅಗಲದಲ್ಲಿ ಬಂದರೆ ಇಳಿಜಾರು ಸರಿ. ಈ ಉಪಾಯ ನಮ್ಮ ಯಾವ ಲ್ಯಾಬ್ ಮ್ಯಾನ್ಯುಯಲ್‌ನಲ್ಲೂ ಇಲ್ಲ. ಆಚಾರ್ರು ಒಂದು ಇಡೀ ಸಂಜೆ ನನಗೆ ತೋಪಡದ ಅಲಗು ಮಸೆಯುವುದನ್ನೇ ಹೇಳಿಕೊಟ್ಟರು. ಫೀಸು ಕೇಳಿದ್ದಕ್ಕೆ, “ಸಮುದ್ರದಲ್ಲಿ ತೇಲಿದ್ ಮೇಲೆ ಫೋಟೊ ತೋರ್ಸು” ಅಂದರು.

ಉಳಿದದ್ದೆಲ್ಲ ಟೆರೇಸಿನಲ್ಲಿ, ಹನ್ನೊಂದು ವಾರಾಂತ್ಯಗಳಲ್ಲಿ. ನೀರಿನ ಟ್ಯಾಂಕಿನ ನೆರಳು, ಎರಡು ಸ್ಟೂಲು, ಒಂದು ಎಕ್ಸ್‌ಟೆನ್ಶನ್ ಬಾಕ್ಸ್. ಪಕ್ಕದ ಮನೆ ಆಂಟಿ ಬಟ್ಟೆ ಒಣಗಿಸಲು ಬಂದಾಗೆಲ್ಲ ಒಂದೊಂದು ಊಹೆ ಮಾಡುತ್ತಿದ್ದರು. ಮೊದಲು ಇಸ್ತ್ರಿ ಟೇಬಲ್, ಆಮೇಲೆ ತೊಟ್ಟಿಲು. ಪಕ್ಕೆಲುಬುಗಳೆಲ್ಲ ಕೂತ ದಿನ “ಇದು ಮೀನಿನ ಮೂಳೆ ಥರ ಇದೆಯಲ್ಲೇ” ಅಂದರು. ಅದೇ ನಿಜಕ್ಕೆ ಹತ್ತಿರ.

ಹೊದಿಕೆ ಕೂರಿಸುವುದಕ್ಕೆ ಹತ್ತಾರು ಕ್ಲಾಂಪ್ ಬೇಕು, ಒಂದೊಂದಕ್ಕೂ ಮುನ್ನೂರು ನಾನ್ನೂರು ರೂಪಾಯಿ. ಪಂಕ್ಚರ್ ಅಂಗಡಿಯಲ್ಲಿ ಬಿಸಾಕುವ ಸೈಕಲ್ ಟ್ಯೂಬುಗಳನ್ನು ಉದ್ದಕ್ಕೆ ಸೀಳಿ, ಹಲಗೆಗೆ ಬಿಗಿಯಾಗಿ ಸುತ್ತಿದೆ. ಕ್ಲಾಂಪ್ ಒಂದು ಜಾಗದಲ್ಲಿ ಒತ್ತುತ್ತದೆ, ರಬ್ಬರ್ ಎಲ್ಲ ಕಡೆ ಸಮನಾಗಿ ಒತ್ತುತ್ತದೆ. ಮೇಲೆ ಎರಡು ಅಕ್ಕಿ ಮೂಟೆ. ಮೂತಿಯ ಬಾಗು ಬರಲು ಪ್ಲೈ ಮೇಲೆ ಬಿಸಿನೀರಿನ ಬಟ್ಟೆ ಹಾಕಿ ಒಂದು ರಾತ್ರಿ ಬಗ್ಗಿಸಿ ಕಟ್ಟಿಟ್ಟೆ.

ಅಂಟಿಗೆ ಎಪಾಕ್ಸಿ. ಎಲ್ಲರ ಮನೆಯಲ್ಲೂ ಎರಡು ಪುಟ್ಟ ಟ್ಯೂಬಿನ ಅರಾಲ್ಡೈಟ್ ಇರುತ್ತದಲ್ಲ, ಅದೇ ಜಾತಿ, ಆದರೆ ಕಿಲೋ ಲೆಕ್ಕದಲ್ಲಿ. ರೆಸಿನ್ ಮತ್ತು ಹಾರ್ಡ್‌ನರ್ ಸೇರಿದಾಗ ಶಾಖ ಹುಟ್ಟುತ್ತದೆ. ಒಮ್ಮೆಗೇ ಅರ್ಧ ಕಿಲೋ ಕಲಸಿ ಡಬ್ಬದಲ್ಲೇ ಬಿಟ್ಟರೆ ಹೊಗೆ ಬರುವಷ್ಟು ಬಿಸಿಯಾಗಿ ಗಟ್ಟಿಯಾಗುತ್ತದೆ. ಅದಕ್ಕೆ ನೂರು ಗ್ರಾಂ ಕಲಸಿ, ಹಚ್ಚಿ, ಮತ್ತೆ ನೂರು ಗ್ರಾಂ. ಅಳತೆ ಅಂದಾಜಿನದ್ದಾಗಬಾರದು, ತೂಕದ ಯಂತ್ರ ಬೇಕು. ಕೈಗವಸು ಕಡ್ಡಾಯ, ಹಾರ್ಡ್‌ನರ್ ಚರ್ಮಕ್ಕೆ ತಗಲುತ್ತಿದ್ದರೆ ಅಲರ್ಜಿ ಬರಬಹುದು. ಉಪ್ಪುಕಾಗದ ಹಿಡಿದು ಉಜ್ಜುವಾಗ ಮಾಸ್ಕ್ ಕಡ್ಡಾಯ. ಕೊನೆಗೆ ಹಲಗೆ ಪೂರ್ತಿ ತೆಳುವಾದ ಗ್ಲಾಸ್ ಬಟ್ಟೆ ಹೊದಿಸಿ ಅದೇ ರೆಸಿನ್ ಕುಡಿಸಬೇಕು. ಇದನ್ನು ಸಂಜೆ ಮಾಡಬೇಕು. ಬೆಳಿಗ್ಗೆ ಹಚ್ಚಿದರೆ ಬಿಸಿಲು ಏರಿದಂತೆ ಮರದೊಳಗಿನ ಗಾಳಿ ಹಿಗ್ಗಿ ಹೊರಬಂದು ಗುಳ್ಳೆ ಏಳುತ್ತದೆ. ಸಂಜೆ ತಂಪಾಗುವಾಗ ಮರ ರೆಸಿನನ್ನು ಒಳಗೆ ಎಳೆದುಕೊಳ್ಳುತ್ತದೆ.

ಶಿರಾಡಿ ಘಾಟಿ ಮತ್ತು ಒಂದು ಟನ್ ಗಾಳಿ

ಗಾಳಿಯ ಮಾತು ಬಂತಲ್ಲ, ಪಕ್ಕೆಲುಬಿನ ತೂತುಗಳ ಇನ್ನೊಂದು ಕಾರಣ ಈಗ ಹೇಳುತ್ತೇನೆ. ಈ ಇಡೀ ಕೆಲಸದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗಾಗಿಸಿದ್ದು ಇದೇ.

ಹಲಗೆಯನ್ನು ಗಾಳಿಯಾಡದಂತೆ ಪೂರ್ತಿ ಮುಚ್ಚಿದರೆ ಏನಾಗುತ್ತದೆ? 25 ಡಿಗ್ರಿಯಲ್ಲಿ ಮುಚ್ಚಿದ ಗಾಳಿ ಬಿಸಿಲಿನಲ್ಲಿ 55 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಶೇ 10ರಷ್ಟು ಏರುತ್ತದೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮ ಅಷ್ಟೇ. ಶೇ 10 ಅಂದರೆ ಸಣ್ಣದು ಅನ್ನಿಸುತ್ತದೆ. ಆದರೆ ನನ್ನ ಹಲಗೆಯ ಮೇಲ್ಮೈ 1.2 ಚದರ ಮೀಟರ್. ಗುಣಿಸಿ ನೋಡಿದರೆ, ಹೊದಿಕೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುವ ಒಟ್ಟು ಬಲ ಒಂದು ಟನ್ ತೂಕಕ್ಕೂ ಮಿಕ್ಕುತ್ತದೆ. ಅಂಟಿನ ಗೆರೆಗಳೆಲ್ಲ ಆ ಭಾರ ತಡೆಯಬೇಕು.

ಬೆಂಗಳೂರಿನಲ್ಲಿ ಮಾಡಿದ ಹಲಗೆಗೆ ಇನ್ನೊಂದು ಕಷ್ಟವಿದೆ. ನಾವು ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಎತ್ತರದಲ್ಲಿದ್ದೇವೆ. ಇಲ್ಲಿನ ವಾಯು ಒತ್ತಡ ಕರಾವಳಿಗಿಂತ ಸುಮಾರು ಶೇ 10ರಷ್ಟು ಕಡಿಮೆ. ಯಡಿಯೂರಿನಲ್ಲಿ ಮುಚ್ಚಿದ ಹಲಗೆ ಶಿರಾಡಿ ಘಾಟಿ ಇಳಿದು ಮೂಲ್ಕಿ ತಲುಪುವ ಹೊತ್ತಿಗೆ, ಒಳಗೆ ಬೆಂಗಳೂರಿನ ತೆಳು ಗಾಳಿ, ಹೊರಗೆ ಕಡಲತಡಿಯ ದಟ್ಟ ಗಾಳಿ. ಈ ಸಲ ಒಂದು ಟನ್ ಹೊರಗಿನಿಂದ ಒಳಕ್ಕೆ ಒತ್ತುತ್ತದೆ. ಎಲ್ಲೋ ಒಂದು ಕೂದಲೆಳೆಯ ಬಿರುಕಿದ್ದರೂ ನೀರಿಗೆ ಇಳಿದ ಕೂಡಲೇ ಹಲಗೆ ನೀರು ಕುಡಿಯುತ್ತದೆ.

ಪರಿಹಾರ ಒಂದು ಸಣ್ಣ ಬಿರಡೆ. ಹಲಗೆಯ ಹಿಂಭಾಗದಲ್ಲಿ ರಬ್ಬರ್ ವಾಷರ್ ಇರುವ ಹಿತ್ತಾಳೆಯ ತಿರುಪು. ಪ್ರಯಾಣದಲ್ಲೂ ಬಿಸಿಲಿನಲ್ಲಿಟ್ಟಾಗಲೂ ತೆರೆದಿರಬೇಕು. ಕಡಲತೀರದಲ್ಲಿ ಹಲಗೆ ನೆರಳಿನಲ್ಲಿ ತಣಿದ ಮೇಲೆ ಬಿಗಿದು ನೀರಿಗೆ ಇಳಿಸಬೇಕು. ಈ ಒಂದು ಬಿರಡೆ ಹಲಗೆಯ ಹನ್ನೊಂದು ಕೋಣೆಗಳಿಗೂ ಕೆಲಸ ಮಾಡಬೇಕಾದರೆ ಕೋಣೆಯಿಂದ ಕೋಣೆಗೆ ಗಾಳಿ ಓಡಾಡಬೇಕು. ಪಕ್ಕೆಲುಬಿನ ತೂತುಗಳು ಅದಕ್ಕೇ. ಅರವತ್ತು ರೂಪಾಯಿಯ ತಿರುಪು ಹದಿಮೂರು ಸಾವಿರದ ಹಲಗೆಯನ್ನು ಕಾಯುತ್ತದೆ.

ಸೋರುವಿಕೆ ಪರೀಕ್ಷೆಯೂ ಅದೇ ತೂತಿನಿಂದ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಅಂಚುಗಳಿಗೆಲ್ಲ ಸವರಿ, ಬಿರಡೆಯ ಜಾಗಕ್ಕೆ ಒಂದು ಪೈಪ್ ಇಟ್ಟು ಬಾಯಿಂದ ಮೆಲ್ಲಗೆ ಊದಿದೆ. ಬಾಲದ ಬಳಿ ಎರಡು ಕಡೆ ಗುಳ್ಳೆ ಎದ್ದವು. ಗುರುತು ಹಾಕಿ, ಒಣಗಿಸಿ, ರೆಸಿನ್ ತುಂಬಿ ಮತ್ತೆ ಊದಿದೆ. ಗುಳ್ಳೆ ಇಲ್ಲ. ಕೊನೆಯ ತೂಕ 14.1 ಕಿಲೋ. ಲೆಕ್ಕದಲ್ಲಿ 13.4 ಬಂದಿತ್ತು, 15ರ ಮಿತಿಯೊಳಗೇ ಇದೆ.

ಕಡಲು ಕೇಳಿದ ವೈವಾ

ಒಂಬತ್ತಡಿ ಹಲಗೆ ಬಸ್ಸಿನಲ್ಲಿ ಹಿಡಿಸದು. ಅಡಿಕೆ ತರಲು ಪುತ್ತೂರು ಕಡೆಗೆ ಖಾಲಿ ಹೋಗುವ ಪರಿಚಿತರ ಟೆಂಪೊದಲ್ಲಿ, ಹಳೆಯ ಹಾಸಿಗೆ ಸುತ್ತಿ, ಬಿರಡೆ ತೆರೆದಿಟ್ಟು ಕಳಿಸಿದೆ. ಅಲ್ಲಿಂದ ಮುಂದಕ್ಕೆ ಅಣ್ಣ ಪಿಕಪ್ ಮಾಡಿಸಿಕೊಂಡ. ನಾನು ರಾತ್ರಿ ಬಸ್ಸಿಗೆ ಹೋದೆ.

ಮಾರ್ಚ್ ತಿಂಗಳ ಬೆಳಿಗ್ಗೆ, ಅಲೆ ಸಣ್ಣದಿದ್ದ ದಿನ. ಅಣ್ಣನ ಜೊತೆಗೆ ಸರ್ಫಿಂಗ್ ಬಲ್ಲ ಇಬ್ಬರು ಗೆಳೆಯರು ತಮ್ಮ ಬೋರ್ಡ್ ಹಿಡಿದು ನೀರಿನಲ್ಲಿದ್ದರು. ಕಾಲಿಗೆ ಹಲಗೆಯ ಹಗ್ಗ ಕಟ್ಟಿತ್ತು. ಹೊಸ ಹಲಗೆಯನ್ನು ಒಬ್ಬರೇ ಪರೀಕ್ಷೆ ಮಾಡಬಾರದು ಎಂಬುದು ನಾವು ಮೊದಲೇ ಮಾಡಿಕೊಂಡ ನಿಯಮ. ಸೊಂಟದ ಮಟ್ಟದ ನೀರಿನಲ್ಲಿ ಅಣ್ಣ ಹಲಗೆಯ ನಡುವೆ ಕೂತ. ಹಲಗೆ ತಗ್ಗಿತು, ಮೇಲ್ಮೈಯ ಮೇಲೆ ನೀರು ತೆಳುವಾಗಿ ಹರಿಯಿತು, ಅಲ್ಲೇ ನಿಂತಿತು. 60 ಮತ್ತು 14 ಸೇರಿ 74, ಕಡಲಿನ ಲೆಕ್ಕ 77. ಎಷ್ಟೋ ಪರೀಕ್ಷೆಯ ಫಲಿತಾಂಶ ನೋಡಿದ್ದೇನೆ. ನನ್ನ ಲೆಕ್ಕದ ಮೇಲೆ ನಮ್ಮ ಮನೆಯವರೊಬ್ಬರು ಕೂತದ್ದನ್ನು ನೋಡಿದ್ದು ಇದೇ ಮೊದಲು. ಅಂಗೈ ಬೆವರಿತ್ತು.

ನಾಲ್ಕನೆಯ ಅಲೆಗೆ ಅವನು ಎದ್ದು ನಿಂತ. ಫೋಮ್ ಬೋರ್ಡಿಗಿಂತ ಇದು ನಿಧಾನಕ್ಕೆ ತಿರುಗುತ್ತದೆ, ಆದರೆ ಒಮ್ಮೆ ಓಡಲು ಶುರುವಾದರೆ ಅಲೆ ಚಪ್ಪಟೆಯಾದ ಮೇಲೂ ದಡದವರೆಗೆ ಬರುತ್ತದೆ ಎಂದ. ಭಾರ ಹೆಚ್ಚಿದ್ದಕ್ಕೆ ಓಟವೂ ಹೆಚ್ಚು, ಅದೂ ಫಿಸಿಕ್ಸೇ. ಒಂದೂವರೆ ಗಂಟೆಯ ಮೇಲೆ ಹಲಗೆಯನ್ನು ದಡಕ್ಕೆ ತಂದು, ಬಿರಡೆ ತೆಗೆದು, ಬಾಲ ಕೆಳಗೆ ಮಾಡಿ ಎತ್ತಿ ಹಿಡಿದೆವು. ಒಂದು ಹನಿಯೂ ಬೀಳಲಿಲ್ಲ. ಅಣ್ಣನ ಗೆಳೆಯ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಮದ್ದಳೆ ಮಾರ್ರೆ ಇದು” ಅಂದ. ಮಳೆಗಾಲ ಶುರುವಾಗುವವರೆಗೆ ಅವರೆಲ್ಲ ಸರದಿಯ ಮೇಲೆ ಬಳಸುತ್ತಿದ್ದಾರೆ. ಆಚಾರ್ರಿಗೆ ಫೋಟೊ ತಲುಪಿದೆ, ಅವರ ಅಂಗಡಿಯ ಗೋಡೆಯ ಮೇಲಿದೆ.

ಇದರಿಂದ ಕೆಲಸ ಸಿಗುತ್ತದಾ?

ನನ್ನ ಕ್ಲಾಸಿನವರು ಕೇಳಿದ ಪ್ರಶ್ನೆ ಇದೇ. ನ್ಯಾಯವಾದ ಪ್ರಶ್ನೆ. ಪ್ಲೇಸ್‌ಮೆಂಟ್ ಹತ್ತಿರ ಬರುತ್ತಿರುವಾಗ ಹನ್ನೊಂದು ವಾರಾಂತ್ಯ, 13,200 ರೂಪಾಯಿ ಖರ್ಚು ಮಾಡುವುದಕ್ಕೆ ಉತ್ತರ ಬೇಕಲ್ಲ. ದುಡ್ಡಿನಲ್ಲಿ ಅರ್ಧ ಅಣ್ಣನದು, ಉಳಿದದ್ದು ನಾನು ಪಕ್ಕದ ಬೀದಿಯ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಂಪಾದಿಸಿದ್ದು.

ಈಚೆಗೆ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಇಂಟರ್ನ್‌ಶಿಪ್ ಸಂದರ್ಶನಕ್ಕೆ ಹೋಗಿದ್ದೆ. ರೆಸ್ಯುಮೆಯಲ್ಲಿ ಎರಡು ಆನ್‌ಲೈನ್ ಸರ್ಟಿಫಿಕೇಟ್, ಒಂದು ಮಿನಿ ಪ್ರಾಜೆಕ್ಟ್, ಕೊನೆಯ ಸಾಲಿನಲ್ಲಿ ಈ ಹಲಗೆ. ಸಂದರ್ಶನ ಮಾಡಿದವರು ಕೊನೆಯ ಸಾಲಿನಿಂದಲೇ ಶುರು ಮಾಡಿದರು. ನಾಲ್ಕು ಮಿ.ಮೀ. ಯಾಕೆ, ಮೂರು ಯಾಕಲ್ಲ? ಪಕ್ಕೆಲುಬು 25 ಸೆಂಟಿಮೀಟರಿಗೆ ಒಂದು ಯಾಕೆ? ಲೆಕ್ಕಕ್ಕೂ ನಿಜವಾದ ತೂಕಕ್ಕೂ 700 ಗ್ರಾಂ ವ್ಯತ್ಯಾಸ ಎಲ್ಲಿಂದ ಬಂತು? ಅರ್ಧ ಗಂಟೆ ಇದೇ ಮಾತು. ಮರ ಎಷ್ಟು ರೆಸಿನ್ ಕುಡಿಯುತ್ತದೆ ಎಂಬುದಕ್ಕೆ ಲೆಕ್ಕದಲ್ಲಿ ಜಾಗ ಇರಲಿಲ್ಲ ಎಂದೆ. ಅವರು ನಕ್ಕು, ತಮ್ಮಲ್ಲೂ ಪೇಂಟಿನ ತೂಕದ್ದು ಅದೇ ಕಥೆ ಎಂದರು. ಇಂಟರ್ನ್‌ಶಿಪ್ ಸಿಕ್ಕಿದೆ. ಹಲಗೆಯಿಂದಲೇ ಸಿಕ್ಕಿತು ಎಂದು ಹೇಳಲಾರೆ. ಆದರೆ ಅವರ ಯಾವ ಪ್ರಶ್ನೆಗೂ ನಾನು ಬಾಯಿಪಾಠ ಹುಡುಕಬೇಕಾಗಲಿಲ್ಲ.

ಕಾಲೇಜುಗಳ ಸುತ್ತ ‘ಪ್ರಾಜೆಕ್ಟ್ ಸಿದ್ಧವಿದೆ’ ಎಂಬ ಬೋರ್ಡ್‌ಗಳನ್ನು ನೀವೂ ನೋಡಿರುತ್ತೀರಿ. ದುಡ್ಡು ಕೊಟ್ಟರೆ ಮಾಡೆಲ್, ರಿಪೋರ್ಟ್, ಪಿಪಿಟಿ ಎಲ್ಲ ಸಿಗುತ್ತದೆ. ನಾಲ್ಕು ಜನ ಸೇರಿ ಹಾಕುವ ಆ ದುಡ್ಡಿನಲ್ಲಿ ಇಂಥ ಒಂದು ಹಲಗೆ ಮಾಡಬಹುದು. ಕೊಂಡ ಪ್ರಾಜೆಕ್ಟ್ ವೈವಾದ ದಿನಕ್ಕೆ ಮುಗಿಯುತ್ತದೆ. ನಾವೇ ಮಾಡಿದ ವಸ್ತುವನ್ನು ಯಾರೋ ಬಳಸುತ್ತಾರೆ. ಬಳಸುವವರು ಸುಮ್ಮನಿರುವುದಿಲ್ಲ, ಅದು ಹೀಗಾಯಿತು, ಇದು ಹಾಗಿರಬೇಕಿತ್ತು ಎಂದು ಹೇಳುತ್ತಲೇ ಇರುತ್ತಾರೆ. ಅಣ್ಣನ ಮೆಸೇಜುಗಳು ಈಗಲೂ ಬರುತ್ತಿವೆ: ಮೂತಿ ಇನ್ನೂ ಎರಡು ಸೆಂಟಿಮೀಟರ್ ಮೇಲಕ್ಕಿರಲಿ, ಬಾಲ ಸ್ವಲ್ಪ ಕಿರಿದಾಗಲಿ.

ಸರ್ಫ್‌ಬೋರ್ಡೇ ಆಗಬೇಕೆಂದಿಲ್ಲ. ಅಜ್ಜಿಗೆ ಬಚ್ಚಲಿಗೆ ಇಳಿಯಲು ಹಿಡಿಕೆ ಬೇಕಿರಬಹುದು, ಊರಿನ ಮಾವನಿಗೆ ಅಡಿಕೆ ಒಣಗಿಸುವ ತಟ್ಟೆ ಬೇಕಿರಬಹುದು, ತಂಗಿಗೆ ಸ್ಟಡಿ ಟೇಬಲ್ ಬೇಕಿರಬಹುದು. ಹೆಸರು ಗೊತ್ತಿರುವ ಒಬ್ಬರಿಗಾಗಿ ಮಾಡಿ. ಮೊದಲು ಲೆಕ್ಕ ಬರೆಯಿರಿ, ಆಮೇಲೆ ನಿಮ್ಮ ಬೀದಿಯ ಆಚಾರ್ರನ್ನೋ ವೆಲ್ಡಿಂಗ್ ಅಂಗಡಿಯವರನ್ನೋ ಹೋಗಿ ಕೇಳಿ. ತಿಂದ ದುಡ್ಡು, ತೂಕ, ಅಳತೆ ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲಿ ತಾರೀಖು ಹಾಕಿ ಬರೆದಿಡಿ. ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ಬ್ಯಾಗಿನಲ್ಲಿರಲಿ.

ನಮ್ಮ ಟೆರೇಸಿನಲ್ಲಿ ಉಳಿದ ಸಿಲ್ವರ್ ಓಕ್ ಪಟ್ಟಿಗಳು ಇನ್ನೂ ಇವೆ. ಮಳೆಗಾಲದಲ್ಲಿ ಹೇಗೂ ಕಡಲಿಗೆ ಇಳಿಯುವ ಹಾಗಿಲ್ಲ, ಸೆಪ್ಟೆಂಬರಿನೊಳಗೆ ಎರಡನೆಯ ಹಲಗೆ ಮುಗಿಯಬೇಕು. ಇದು ಎಂಟಡಿಯದು, ಒಂದು ಶೀಟಿನ ಉದ್ದಕ್ಕೆ ಸರಿಯಾಗುತ್ತದೆ. ಆದರೂ ಆಚಾರ್ರು ಓರೆ ಜೋಡಣೆ ಮರೆಯಬಾರದು ಅಂತ ಚೂರು ಪ್ಲೈ ಕೊಟ್ಟು, ವಾರಕ್ಕೊಂದು ಮಾಡಿ ತೋರಿಸಲು ಹೇಳಿದ್ದಾರೆ.